ಮರಡಿಪುರದ ನಾಟಕದಲ್ಲಿ ಬೋರಲಿಂಗ ಸತ್ತಿದ್ದು

ತೂಕಡಿಸೋರು ಹಿಂದೆ ಗೋಡೆಗೊರಗಿ, ಕೇಳೋರು ಮುಂದೆ ಬನ್ನಿ. ನಡುನಡುವೆ "ಆಮೇಲೆ?" ಅಂತ ಒಬ್ಬರಾದರೂ ಅನ್ನುತ್ತಿರಬೇಕು. ಇಲ್ಲದಿದ್ದರೆ ನನ್ನ ಕತೆ ಅಲ್ಲೇ ನಿಂತುಬಿಡುತ್ತೆ, ಮುಂದಕ್ಕೆ ತಳ್ಳೋಕೆ ನನ್ನ ಕೈಲಿ ಆಗಲ್ಲ.

ಮರಡಿಪುರ ಅಂತ ಒಂದೂರು. ಆ ಊರ ಬಸ್ ಸ್ಟ್ಯಾಂಡಿನಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯೋ ಹನುಮಕ್ಕ. ಹನುಮಕ್ಕನಿಗೆ ಒಬ್ಬನೇ ಮಗ, ಬೋರಲಿಂಗ. ಮೀಸೆ ಬಂದ ಆಳು, ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರದ ಆಳು. ಹೇಳಿದ ಕೆಲಸ ಮಾಡಲ್ಲ ಅಂತ ಯಾರೂ ಅವನ ಮೇಲೆ ದೂರು ಹೇಳಿದ್ದಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ ಅನ್ನೋದೇ ದೂರು.

ಒಂದು ದಿನ ಹನುಮಕ್ಕ ಒಲೆ ಮೇಲೆ ಬಾಣಲೆ ಇಟ್ಟು, "ಲೋ ಬೋರ, ನೀರು ತರೋಕೆ ಹೋಗ್ತೀನಿ. ಎಣ್ಣೆ ಕಾದ ತಕ್ಷಣ ನನ್ನ ಕೂಗು" ಅಂದಳು.

ಎಣ್ಣೆ ಕಾಯ್ತು. ಬೋರಲಿಂಗ ಕೂಗಿದ.

"ನನ್ನಾ! ನನ್ನಾ! ನನ್ನಾ!"

ನಲ್ಲಿ ಹತ್ತಿರ ನಿಂತಿದ್ದ ಹನುಮಕ್ಕನಿಗೂ ಕೇಳಿಸ್ತು. ಇವನು ಯಾರನ್ನೋ ಕರೀತಾವ್ನೆ ಅಂದುಕೊಂಡು ನಿಧಾನವಾಗಿ ಬಿಂದಿಗೆ ತುಂಬಿಸಿಕೊಂಡು ಬಂದಳು. ಬಂದು ನೋಡಿದರೆ ಬಾಣಲೆಗೆ ಬೆಂಕಿ ಹತ್ತಿ, ಚಪ್ಪರದ ಗರಿ ಅರ್ಧ ಸುಟ್ಟುಹೋಗಿದೆ. ಬೋರಲಿಂಗ ಪಕ್ಕದಲ್ಲೇ ನಿಂತು ಕೂಗ್ತಾನೇ ಇದಾನೆ.

"ನನ್ನ ಯಾಕೋ ಕೂಗಲಿಲ್ಲ?"

"ನನ್ನ ಅಂತಲೇ ಕೂಗ್ದೆ ಕಣವ್ವ. ಗಂಟಲು ಕಟ್ಟೋವರ್ಗೂ ಕೂಗ್ದೆ."

"ಅಯ್ಯೋ ನನ್ನ ಹಣೆಬರಹವೇ! ಕೂಗೋದು ಅಂದ್ರೆ ಹೆಸರು ಹಿಡಿದು ಕೂಗಬೇಕು ಕಣೋ! ಹೆಸರು ಹಿಡಿದು!"

"ಆಗಲಿ ಕಣವ್ವ. ಇನ್ಮೇಲೆ ಹೆಸರು ಹಿಡಿದೇ ಕೂಗ್ತೀನಿ."

ಹನುಮಕ್ಕ ಸುಟ್ಟ ಗರಿ ಕೀಳುತ್ತಾ ಕೂತಳು. ಬೋರಲಿಂಗ ಅಂತ ಹೆಸರಿಟ್ಟೋಳು ಅವಳು. ಆ ಹೆಸರಲ್ಲಿ ಕರೆಯೋಳೂ ಅವಳೊಬ್ಬಳೇ. ಮಿಕ್ಕ ಊರಿಗೆಲ್ಲ ಅವನು ಪೆದ್ದ. "ಪೆದ್ದನ ಅಂಗಡೀಲಿ ಬಜ್ಜಿ ತಿಂದೆ" ಅನ್ನೋರು. "ಪೆದ್ದನ ತಾಯಿ ಹೋಗ್ತಾಳೆ ನೋಡು" ಅನ್ನೋರು. ಒಂದು ಸಲ, ಒಂದೇ ಒಂದು ಸಲ, ನಾಲ್ಕು ಜನರ ಮುಂದೆ ನನ್ನ ಮಗ ಬೋರಲಿಂಗ ಅನ್ನಿಸ್ಕಬೇಕು. ಅವಳಿಗೆ ಅಷ್ಟೇ ಆಸೆ.

ಆ ವರ್ಷವೇ ಊರಲ್ಲಿ ನಾಟಕ ಸಂಘ ಹುಟ್ಟಿಕೊಳ್ತು. ಹುಟ್ಟಿಸಿದೋರು ಸ್ಕೂಲಿನ ಡ್ರಾಯಿಂಗ್ ಮಾಸ್ತರು ಪರಮೇಶಿ ಮೇಷ್ಟ್ರು. ಹಳೇ ಕಾಲದ ಪಾಳೆಗಾರರ ಮೇಲೆ ಒಂದು ನಾಟಕ ಅವರೇ ಬರೆದಿದ್ದರು. ನಾಟಕ ಇತ್ತು, ಆಡೋರಿದ್ದರು, ಆಡೋಕೆ ಜಾಗ ಇರಲಿಲ್ಲ. ವಿರೂಪಾಕ್ಷಪ್ಪ ಸಾಹುಕಾರರ ಎಣ್ಣೆ ಮಿಲ್ಲಿನ ಗೋಡೌನು ಆಗ ಖಾಲಿ ಇತ್ತು. ಮೇಷ್ಟ್ರು ಹೋಗಿ ಕೇಳಿದರು.

ಸಾಹುಕಾರರು ಹೇಳಿದರು: "ಈ ಒಂದು ನಾಟಕಕ್ಕೆ ಕೊಡ್ತೀನಿ ಮೇಷ್ಟ್ರೇ. ಮರ್ಯಾದೆಯಾಗಿ ನಡೆದರೆ ಮುಂದಿನ ಮಾತು. ಗಲಾಟೆ ಆಯ್ತೋ, ಮಾರನೇ ದಿನ ಕಡಲೆಕಾಯಿ ಮೂಟೆ ಒಳಗೆ, ನೀವು ಹೊರಗೆ."

ಈ ಸುದ್ದಿ ಬಸ್ ಸ್ಟ್ಯಾಂಡಿಗೆ ಬಂತು. ಹನುಮಕ್ಕ ಒಂದು ತಟ್ಟೆ ಬಿಸಿ ಬಜ್ಜಿ ತಗೊಂಡು ಮೇಷ್ಟ್ರ ಹತ್ತಿರ ಹೋದಳು.

"ಮೇಷ್ಟ್ರೇ, ನಮ್ ಬೋರಲಿಂಗನ್ನೂ ಸಂಘಕ್ಕೆ ಸೇರಿಸ್ಕಳಿ."

"ಅವನಿಗೆ ಏನು ಬರುತ್ತಮ್ಮ?"

"ಹೇಳಿದ್ದು ಮಾಡೋಕೆ ಬರುತ್ತೆ."

ಮೇಷ್ಟ್ರು ಬಜ್ಜಿ ಕಚ್ಚುತ್ತಾ ಸ್ವಲ್ಪ ಯೋಚನೆ ಮಾಡಿದರು. "ನಮ್ಮ ಸಂಘದಲ್ಲಿ ಇನ್ಯಾರಿಗೂ ಅದು ಬರಲ್ಲ. ಕಳಿಸಮ್ಮ."

ಮೊದಲನೇ ದಿನ ಪೂಜೆ. ತೆಂಗಿನಕಾಯಿ ಬಂತು, ಹೂವು ಬಂತು, ಸಾಹುಕಾರರು ಬರಲಿಲ್ಲ. ಮೇಷ್ಟ್ರು, "ಲೋ ಪೆದ್ದ, ಸಾಹುಕಾರ್ರು ಮಿಲ್ಲಿನ ಆಫೀಸಲ್ಲಿದಾರೆ. ಪೂಜೆಗೆ ಹೊತ್ತಾಯ್ತು ಅಂತ ಕೂಗಪ್ಪ" ಅಂದರು.

ಬೋರಲಿಂಗ ಹೋದ. ಮಿಲ್ಲಿನ ಅಂಗಳದಲ್ಲಿ ನಿಂತ. ಅವ್ವ ಹೇಳಿದ್ದು ಜ್ಞಾಪಕ ಇತ್ತು.

"ವಿರೂಪಾಕ್ಷಾ! ಏ ವಿರೂಪಾಕ್ಷಾ! ಪೂಜೆಗೆ ಹೊತ್ತಾಯ್ತು, ಬಾ!"

ಹಮಾಲಿಗಳು ಹೊತ್ತ ಮೂಟೆ ಹೊತ್ತ ಹಾಗೇ ನಿಂತರು. ಸಾಹುಕಾರರ ತಾಯಿ ತೀರಿಕೊಂಡ ಮೇಲೆ ಆ ಹೆಸರನ್ನ ಹಾಗೆ ಯಾರೂ ಕರೆದಿರಲಿಲ್ಲ. ಸಾಹುಕಾರರು ಬಂದರು, ಮಂಗಳಾರತಿ ತಗೊಂಡರು, ಪ್ರಸಾದ ತಗೊಂಡರು, ಮೇಷ್ಟ್ರನ್ನ ಒಂದು ಸಲ ದುರುಗುಟ್ಟಿ ನೋಡಿ ಹೋದರು.

ಸುದ್ದಿ ಹನುಮಕ್ಕನಿಗೆ ಮುಟ್ಟಿತು.

"ಅಯ್ಯೋ ಪಾಪಿ! ಸಾಹುಕಾರ್ರನ್ನ ಹೆಸರು ಹಿಡಿದು ಕೂಗಿದ್ಯಾ?"

"ನೀನೇ ಹೇಳಿದ್ಯಲ್ಲವ್ವ, ಹೆಸರು ಹಿಡಿದು ಕೂಗು ಅಂತ."

"ದೊಡ್ಡೋರನ್ನ ಕಂಡ್ರೆ ಹಂಗಲ್ಲ ಕಣೋ! ಕೈಯಾಗಿರೋದು ಬಿಟ್ಟು, ಎರಡೂ ಕೈ ಜೋಡಿಸಿ, ತಲೆ ತಗ್ಗಿಸಿ ನಿಂತ್ಕಬೇಕು! ತುಟಿ ಪಿಟಕ್ ಅನ್ನಬಾರದು!"

"ಆಗಲಿ ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಆಮೇಲೆ ಪರದೆ ಬಂತು. ಟೈಲರ್ ಖಾಸಿಂ ಸಾಬರು ಹಗಲೂ ರಾತ್ರಿ ಹೊಲಿದ ಪರದೆ. ಅಡ್ಡಕ್ಕೆ ದೊಡ್ಡ ಬೊಂಬು ಕಟ್ಟಿ, ರಾಟೆಗೆ ಹಗ್ಗ ಹಾಕಿ ಮೇಲಕ್ಕೆ ಎಳೆದರು. ಗಂಟು ಹಾಕೋವರೆಗೂ ಹಗ್ಗ ಹಿಡಿದುಕೊಳ್ಳೋಕೆ ಗಟ್ಟಿ ಆಳು ಬೇಕಿತ್ತು. ಬೋರಲಿಂಗ ಹಿಡಿದುಕೊಂಡ.

ಅದೇ ಹೊತ್ತಿಗೆ, ಗೋಡೌನಿನಲ್ಲಿ ಏನು ನಡೀತಿದೆ ನೋಡೋಣ ಅಂತ ಸಾಹುಕಾರರು ಬಂದರು. ನೇರವಾಗಿ ಪರದೆ ಕೆಳಗೆ ಬಂದು, ಸೊಂಟದ ಮೇಲೆ ಕೈ ಇಟ್ಟು, ಕತ್ತೆತ್ತಿ ನೋಡಿದರು.

ಬೋರಲಿಂಗ ದೊಡ್ಡೋರನ್ನ ಕಂಡ. ಕೈಯಲ್ಲಿ ಇದ್ದಿದ್ದನ್ನ ಬಿಟ್ಟ. ಎರಡೂ ಕೈ ಜೋಡಿಸಿದ. ತಲೆ ತಗ್ಗಿಸಿದ.

ಬೊಂಬು ಪಕ್ಕಕ್ಕೆ ಬಿತ್ತು. ಬಟ್ಟೆ ಸಾಹುಕಾರರ ಮೇಲೆ ಬಿತ್ತು. ಸಾಹುಕಾರರು ಒಳಗೇ ಆ ಕಡೆ ಹೋದರು, ಈ ಕಡೆ ಬಂದರು, ದಾರಿ ಸಿಗಲಿಲ್ಲ. "ಯಾರೋ ಅದು! ಯಾರೋ ಹಗ್ಗ ಬಿಟ್ಟೋನು!" ಅಂತ ಒಳಗಿಂದಲೇ ಕೇಳಿದರು. ಬೋರಲಿಂಗ ತುಟಿ ಪಿಟಕ್ ಅನ್ನಲಿಲ್ಲ.

ಖಾಸಿಂ ಸಾಬರು ಬಂದು ಬಟ್ಟೆ ಸುತ್ತಿ ಸುತ್ತಿ ಸಾಹುಕಾರರನ್ನ ಈಚೆಗೆ ತೆಗೆದರು. ಸಾಹುಕಾರರು ಟೋಪಿ ಸರಿ ಮಾಡಿಕೊಂಡು, "ಮೇಷ್ಟ್ರೇ, ಮೂಟೆ ಹೊರೋರಿಗೆ ಈಗಲೇ ಹೇಳಿಡ್ತೀನಿ" ಅಂದು ಹೊರಟುಹೋದರು.

ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತರು. "ಬಾಯಿಲ್ವೇನೋ ನಿನಗೆ? 'ಪರದೆ ಬೀಳುತ್ತೆ' ಅಂತ ಒಂದು ಮಾತು ಹೇಳಬಾರದಾಗಿತ್ತಾ? ನಾಟಕದೋರು ಅಂದಮೇಲೆ ಹೇಳೋದನ್ನ ಗಟ್ಟಿಯಾಗಿ ಹೇಳಬೇಕು! ಕೊನೇ ಸಾಲಲ್ಲಿ ಕೂತೋರಿಗೂ ಕೇಳಬೇಕು!"

"ಆಗಲಿ ಮೇಷ್ಟ್ರೇ. ಇನ್ಮೇಲೆ ಕೊನೇ ಸಾಲಿಗೂ ಕೇಳೋ ಹಂಗೆ ಹೇಳ್ತೀನಿ."

ಈಗ ವನಜಾಕ್ಷಿ ವಿಷಯ ಹೇಳಬೇಕು. ಬಾಲವಾಡಿ ಟೀಚರು ವನಜಾಕ್ಷಿ. ನಾಟಕದಲ್ಲಿ ರಾಣಿ ಪಾರ್ಟು ಅವಳದ್ದು. ಆ ಊರಲ್ಲಿ ಅಲ್ಲಿಯವರೆಗೂ ಹೆಂಗಸರು ಸ್ಟೇಜು ಹತ್ತಿದ್ದಿಲ್ಲ. ಗಂಡ ಹೂಂ ಅಂದಿದ್ದ. ಅತ್ತೆ ಸಣ್ಣತಾಯಮ್ಮನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಹೇಳೋ ಧೈರ್ಯ ಯಾರಿಗೂ ಇರಲಿಲ್ಲ. ಸಣ್ಣತಾಯಮ್ಮ ಬೈಯೋಕೆ ಶುರು ಮಾಡಿದರೆ ಬೀದಿ ನಾಯಿಗಳೂ ಎದ್ದು ಪಕ್ಕದ ಬೀದಿಗೆ ಹೋಗೋವು.

ಮೇಷ್ಟ್ರು ಹೇಳಿದರು: "ಲೋ ಪೆದ್ದ, ವನಜಾಕ್ಷಮ್ಮನಿಗೆ ಹೇಳಿ ಬಾ. ಇವತ್ತು ಐದು ಗಂಟೆಗೆ ಪ್ರಾಕ್ಟೀಸು. ಅವರತ್ತೆಗೆ ಗೊತ್ತಾಗಬಾರದು."

ಬೋರಲಿಂಗ ಹೋದ. ವನಜಾಕ್ಷಿ ಬಾಗಿಲಲ್ಲೇ ಅಕ್ಕಿ ಆರಿಸ್ತಾ ಕೂತಿದ್ದಳು. ಬೋರಲಿಂಗ ಅವಳ ಎದುರಿಗೆ ನಿಂತ. ಬೀದಿಯ ಕೊನೇ ಮನೆ ಎಲ್ಲಿದೆ ಅಂತ ನೋಡಿಕೊಂಡ. ಉಸಿರು ತುಂಬಿಕೊಂಡ.

"ವನಜಾಕ್ಷಮ್ಮಾ! ಐದು ಗಂಟೆಗೆ ನಾಟಕದ ಪ್ರಾಕ್ಟೀಸು! ನಿಮ್ಮತ್ತೆಗೆ ಗೊತ್ತಾಗಬಾರದಂತೆ!"

ಕೊನೇ ಮನೆಯೋರು ಈಚೆಗೆ ಬಂದರು. ಒಳಗಿಂದ ಸಣ್ಣತಾಯಮ್ಮನೂ ಬಂದರು.

"ಏನೋ ಅದು? ಏನು ಗೊತ್ತಾಗಬಾರದು?"

"ನಾಟಕ ಕಣಮ್ಮ. ನಿಮಗೇ ಗೊತ್ತಾಗಬಾರದಂತೆ!" ಅಂತ ಬೋರಲಿಂಗ ಅಷ್ಟೇ ಗಟ್ಟಿಯಾಗಿ ಹೇಳಿದ.

ಐದು ಗಂಟೆಗೆ ಗೋಡೌನಿಗೆ ಮೊದಲು ಬಂದಿದ್ದು ಸಣ್ಣತಾಯಮ್ಮ. ಹಿಂದೆ ತಲೆ ಬಗ್ಗಿಸಿಕೊಂಡು ವನಜಾಕ್ಷಿ. ಸಣ್ಣತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಷ್ಟ್ರ ಕುರ್ಚೀಲಿ ಕೂತರು. "ಎಲ್ಲಿ, ಅದೇನು ಮಾಡ್ತೀರೋ ನನ್ನ ಮುಂದೆ ಮಾಡಿ. ನೋಡಿ ಆಮೇಲೆ ಬೈತೀನಿ."

ಮಾಡಿದರು. ರಾಣಿಯನ್ನ ರಾಜಮಾತೆ ಬೈಯೋ ಸೀನು. ರಾಜಮಾತೆ ಪಾರ್ಟು, ಹೆಂಗಸರು ಸಿಗದೆ, ಅಂಚೆ ಪೇದೆ ಒಬ್ಬ ಮಾಡ್ತಿದ್ದ. ಸಣ್ಣತಾಯಮ್ಮ ಸ್ವಲ್ಪ ಹೊತ್ತು ಸಹಿಸಿಕೊಂಡರು. ಆಮೇಲೆ ಎದ್ದರು.

"ಥೂ! ಇದೂ ಒಂದು ಬೈಗುಳವಾ? ಸೊಸೇನ ಹೀಗೆ ಬೈದರೆ ಯಾವ ಸೊಸೆ ಹೆದರ್ತಾಳೆ? ಸರಿ ಆಚೆ!"

ಸರಿದ. ಸಣ್ಣತಾಯಮ್ಮ ಬೈದು ತೋರಿಸಿದರು. ಮೇಷ್ಟ್ರು ಬರೆದದ್ದು ಅರ್ಧ, ಬರೆಯದ್ದು ಅರ್ಧ. ವನಜಾಕ್ಷಿ ಅತ್ತಳು, ಮೇಷ್ಟ್ರು ಹೇಳಿಕೊಟ್ಟಿದ್ದಕ್ಕಿಂತ ಚೆನ್ನಾಗಿ ಅತ್ತಳು. ಆವತ್ತಿಂದ ರಾಜಮಾತೆ ಪಾರ್ಟು ಸಣ್ಣತಾಯಮ್ಮನದ್ದು.

ಒಳ್ಳೇದೇ ಆಯ್ತು ಅನ್ನಿ. ಆದರೂ ಮೇಷ್ಟ್ರು ಬಿಡಲಿಲ್ಲ. ಬೋರಲಿಂಗನನ್ನ ಮೂಲೆಗೆ ಕರೆದರು.

"ನಮ್ಮ ಸಂಘದ ವಿಷಯ ಬೀದೀಲಿ ಸಾರ್ತೀಯೇನೋ? ಇನ್ಮೇಲೆ ಹೊರಗಿನೋರು ಯಾರು ಏನು ಕೇಳಿದರೂ 'ನಂಗೊತ್ತಿಲ್ಲ' ಅನ್ನು! ಅಷ್ಟೇ ಅನ್ನು!"

"ಆಗಲಿ ಮೇಷ್ಟ್ರೇ. ಇನ್ಮೇಲೆ ಅಷ್ಟೇ ಅಂತೀನಿ."

ನಾಟಕದ ದಿನ ಬಂತು. ಭಾನುವಾರ, ಸಂಜೆ ನಾಲ್ಕು ಗಂಟೆಗೆ ಶುರು. ಜಿಲ್ಲಾ ಕೇಂದ್ರದಿಂದ ರಿಟೈರಾದ ಅಮಲ್ದಾರರೊಬ್ಬರು ಮುಖ್ಯ ಅತಿಥಿ. ಎಲ್ಲರೂ ಮುಖಕ್ಕೆ ಬಣ್ಣ ಹಚ್ಚಿಕೊಂಡು ಕೂತಿದ್ದರಿಂದ, ಹಾರ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಹೋಗೋಕೆ ಬೋರಲಿಂಗನೇ ಗತಿ. ಹನುಮಕ್ಕನೂ ಆವತ್ತು ಅಂಗಡಿ ಹಾಕಿರಲಿಲ್ಲ. ನಾಟಕ ನೋಡೋಕೆ ಹೊಸ ಸೀರೆ ಉಡ್ತಾ ಮನೇಲಿದ್ದಳು.

ಬಸ್ಸು ಬಂತು. ಕೋಟು ಹಾಕಿದ ದೊಡ್ಡ ಮನುಷ್ಯರೊಬ್ಬರು ಇಳಿದರು. ಹಾರ ಹಿಡಿದವನನ್ನ ಕಂಡು ನಗುನಗುತ್ತಾ ಬಂದರು.

"ಏನಪ್ಪ, ಇದು ಮರಡಿಪುರ ತಾನೆ?"

"ನಂಗೊತ್ತಿಲ್ಲ."

"ಇಲ್ಲಿ ನಾಟಕ ಎಲ್ಲಿ ನಡೆಯುತ್ತೆ?"

"ನಂಗೊತ್ತಿಲ್ಲ."

"ಮತ್ತೆ ಈ ಹಾರ ಯಾರಿಗೆ?"

"ನಂಗೊತ್ತಿಲ್ಲ."

"ನೀನ್ಯಾರಪ್ಪ?"

ಬೋರಲಿಂಗ ಸ್ವಲ್ಪ ತಡೆದ. ಇದು ಅವನಿಗೆ ಗೊತ್ತಿತ್ತು. ಆದರೂ ಮೇಷ್ಟ್ರ ಮಾತು ಮೀರಲಿಲ್ಲ. "ನಂಗೊತ್ತಿಲ್ಲ."

ಅಮಲ್ದಾರರು ಬಸ್ಸು ತಿರುಗೋದರೊಳಗೆ ಮತ್ತೆ ಹತ್ತಿಕೊಂಡರು. ಬೋರಲಿಂಗ ಹಾರ ಹಿಡಿದುಕೊಂಡು ವಾಪಸ್ಸು ಬಂದ, ನಡೆದದ್ದನ್ನೆಲ್ಲ ಹೇಳಿದ.

ಮೇಷ್ಟ್ರಿಗೆ ಬೈಯೋಕೂ ಹೊತ್ತಿರಲಿಲ್ಲ. ಹಾರ ಕಿತ್ತುಕೊಂಡು ಸಾಹುಕಾರರ ಹತ್ತಿರ ಓಡಿದರು. "ಸಾಹುಕಾರ್ರೇ, ನೀವೇ ಮುಖ್ಯ ಅತಿಥಿ ಆಗಬೇಕು." ಸಾಹುಕಾರರು ಬೇಡ ಬೇಡ ಅನ್ನುತ್ತಲೇ ಕೊರಳು ಮುಂದೆ ಮಾಡಿದರು.

ಅದೊಂದು ಮುಗೀತು ಅನ್ನೋ ಹೊತ್ತಿಗೆ ಇನ್ನೊಂದು. ನಾಟಕದಲ್ಲಿ ರಾಣಿಯ ತಮ್ಮ ಕೋಟೆ ಕಾಯ್ತಾ ಬಾಣ ತಗುಲಿ ಸಾಯಬೇಕು. ಆ ಪಾರ್ಟಿನ ಕಾಂಪೌಂಡರ್ ಸಂಪಂಗಿಗೆ ಬೆಳಗ್ಗೆಯಿಂದ ಭೇದಿ. ಅವನು ಕೊಟ್ಟ ಮಾತ್ರೆ ಊರಿಗೆಲ್ಲ ಹಿಡಿದಿತ್ತು, ಅವನಿಗೆ ಹಿಡೀಲಿಲ್ಲ.

ಈಗ ಮೇಷ್ಟ್ರ ಸಿಟ್ಟೆಲ್ಲ ಬೋರಲಿಂಗನ ಮೇಲೆ ತಿರುಗಿತು. "ಎಲ್ಲಾ ನಿನ್ನ ದೆಸೆಯಿಂದ ಕಣೋ! ಇನ್ನು ಏನೂ ಮಾಡಬೇಡ, ಅಲ್ಲಾಡಬೇಡ! ಎಲ್ಲಾದರೂ ಒಂದು ಕಡೆ ಸತ್ತೋನ ಹಾಗೆ ಬಿದ್ದಿರು!"

ಅಂದವರೇ ಅಲ್ಲೇ ನಿಂತರು. ಬೋರಲಿಂಗನನ್ನ ಮೇಲಿಂದ ಕೆಳಗೆ ನೋಡಿದರು.

"ಸತ್ತೋನ ಹಾಗೆ ಬಿದ್ದಿರ್ತೀಯೇನೋ?"

"ಹೇಳಿದ್ರೆ ಬಿದ್ದಿರ್ತೀನಿ ಮೇಷ್ಟ್ರೇ."

"ಯಾರು ಎಬ್ಬಿಸಿದರೂ ಏಳಬಾರದು!"

"ಏಳಲ್ಲ ಮೇಷ್ಟ್ರೇ."

ಖಾಸಿಂ ಸಾಬರು ಓಡಿಬಂದು ಸಂಪಂಗಿಯ ಅಂಗಿ ಅವನಿಗೆ ಹಾಕಿದರು. ಬೆನ್ನಿನ ಕಡೆ ಹರಿಯಿತು. ಸತ್ತ ಮೇಲೆ ಬೆನ್ನು ಕಾಣಲ್ಲ ಬಿಡಿ ಅಂದರು.

ಗೋಡೌನು ತುಂಬಿತ್ತು. ಹೆಂಗಸರ ಕಡೆ, ಚಾಪೆ ಮೇಲೆ, ಹನುಮಕ್ಕ ಕೂತಿದ್ದಳು. ಮಗನಿಗೆ ಪಾರ್ಟು ಸಿಕ್ಕಿದ್ದು ಅವಳಿಗೆ ಗೊತ್ತಿರಲಿಲ್ಲ. ಕಹಳೆ ಊದಿತು, ಕೋಟೆ ಸೀನು ಬಂತು. ಎದೇಲಿ ಬಾಣ ಸಿಕ್ಕಿಸಿಕೊಂಡು ಎತ್ತರದ ಸೈನಿಕನೊಬ್ಬ ಬಂದ. ತೂರಾಡಲಿಲ್ಲ, ನರಳಲಿಲ್ಲ, "ಅಕ್ಕಾ" ಅನ್ನಲಿಲ್ಲ. ನಡೆದುಬಂದ, ನಿಂತ, ಕಡಿದ ಮರದ ಹಾಗೆ ಧೊಪ್ಪಂತ ಬಿದ್ದ.

ಹಿಂದಿನ ಸಾಲಿನೋರು ಎದ್ದು ನಿಂತು ನೋಡಿದರು.

ರಾಣಿ ಬಂದು ಅವನ ತಲೆ ತೊಡೆ ಮೇಲಿಟ್ಟುಕೊಂಡು ಅತ್ತಳು. ತಲೆ ಜಾರಿ ಹಲಗೆಗೆ ಬಡೀತು. ಅಲ್ಲಾಡಲಿಲ್ಲ. ಒಂದು ನೊಣ ಬಂದು ಮೀಸೆ ಮೇಲೆ ಕೂತು, ಮೂಗಿನ ಮೇಲೆ ನಡೆದು, ರೆಪ್ಪೆ ಮೇಲೆ ನಿಂತಿತು. ಅಲ್ಲಾಡಲಿಲ್ಲ. ಮುಂದಿನ ಸಾಲಿನವರು ನೊಣವನ್ನೇ ನೋಡ್ತಾ ಕೂತರು.

ಹನುಮಕ್ಕನ ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡು, "ಯಾವ ತಾಯಿ ಹೆತ್ತ ಮಗನಮ್ಮ ಇವನು! ಹೀಗೂ ಸಾಯ್ತಾರಾ!" ಅಂದಳು.

"ನನ್ನ ಮಗ" ಅಂದಳು ಹನುಮಕ್ಕ. "ಬೋರಲಿಂಗ ಅಂತ."

ಆ ಹೆಸರು ಚಾಪೆಯಿಂದ ಚಾಪೆಗೆ ಹೋಯ್ತು. ಬೋರಲಿಂಗನಂತೆ. ಹನುಮಕ್ಕನ ಮಗ ಬೋರಲಿಂಗನಂತೆ. ಗಂಡಸರ ಕಡೆ ಯಾರೋ ಎದ್ದು ನಿಂತು ಕೂಗಿದರು:

"ಬೋರಲಿಂಗಾ! ಒನ್ಸ್ ಮೋರ್!"

ಇಡೀ ಗೋಡೌನು ಕೂಗಿತು. "ಒನ್ಸ್ ಮೋರ್! ಒನ್ಸ್ ಮೋರ್!"

ಇಬ್ಬರು ಸೈನಿಕರು ಹೆಣ ಎತ್ತಿಕೊಂಡು ಹೋಗೋಕೆ ಬಂದಿದ್ದರು. ಎತ್ತಿದರು, ಆಗಲಿಲ್ಲ. "ಏಳೋ, ನೀನೇ ಎದ್ದು ಹೋಗೋ" ಅಂತ ಪಿಸುಗುಟ್ಟಿದರು. ಏಳಲಿಲ್ಲ. ಮೇಷ್ಟ್ರು ಪಕ್ಕದ ತೆರೆಯಿಂದ, "ಏಳೋ, ನಾನು ಹೇಳ್ತಿದೀನಿ ಏಳೋ!" ಅಂದರು. ಬೋರಲಿಂಗ ತುಟಿ ಅಲ್ಲಾಡಿಸದೆ, "ಯಾರು ಎಬ್ಬಿಸಿದ್ರೂ ಏಳಬಾರದು ಅಂದಿದ್ರಿ ಮೇಷ್ಟ್ರೇ" ಅಂದ.

ಜನ ಕೂಗ್ತಾನೇ ಇದ್ದರು. ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು.

"ಲೋ, ಜನ ಒನ್ಸ್ ಮೋರ್ ಅಂತಿದಾರೆ! ಇನ್ನೊಂದು ಸಲ ಸಾಯಿ ಅಂತ ಅರ್ಥ! ಇನ್ನೊಂದು ಸಲ ಸಾಯಬೇಕಾದರೆ ಮೊದಲು ಏಳಬೇಕಲ್ಲೇನೋ?"

ಬೋರಲಿಂಗ ಯೋಚನೆ ಮಾಡಿದ. ಹೌದಲ್ಲ ಅನ್ನಿಸಿತು. ಎದ್ದ. ಎದ್ದು ತೆರೆ ಹಿಂದಕ್ಕೆ ಬರ್ತಾನೆ ಅಂತ ಮೇಷ್ಟ್ರು ಕೈ ಚಾಚಿದರು. ಬೋರಲಿಂಗ ಧೊಪ್ಪಂತ ಬಿದ್ದು ಸತ್ತ.

ಚಪ್ಪಾಳೆಗೆ ಗೋಡೌನಿನ ತಗಡು ನಡುಗಿತು. "ಒನ್ಸ್ ಮೋರ್!" ಎದ್ದ, ಸತ್ತ. "ಒನ್ಸ್ ಮೋರ್!" ಎದ್ದ, ಸತ್ತ. ಬಾಣ ಮುರೀತು, ಸತ್ತ. ಅಂಗಿ ಪೂರ್ತಿ ಹರೀತು, ಸತ್ತ. ಪಟ್ಟಾಭಿಷೇಕದ ಸೀನಿಗೆ ಕಿರೀಟ ಹಿಡಿದು ನಿಂತಿದ್ದ ಸಣ್ಣತಾಯಮ್ಮನಿಗೆ ತಡೆಯೋಕಾಗಲಿಲ್ಲ. ದಡದಡ ಅಂತ ಸ್ಟೇಜಿಗೆ ಬಂದರು.

"ಸಾಕು ನಿಲ್ಲಿಸ್ರೋ! ಎಷ್ಟು ಸಲ ಸಾಯಿಸ್ತೀರೋ ಆ ಹುಡುಗನ್ನ? ನನ್ನ ಸೊಸೆಗೆ ಪಟ್ಟ ಕಟ್ಟೋಕೆ ಹೊತ್ತಾಗಲ್ವಾ?"

ಗೋಡೌನು ಗಪ್‌ಚಿಪ್. ಸಣ್ಣತಾಯಮ್ಮ ಹೆಣ ದಾಟಿಕೊಂಡು ಹೋಗಿ ಸೊಸೆ ತಲೆ ಮೇಲೆ ಕಿರೀಟ ಇಟ್ಟರು. ಹೆಣ ಅಲ್ಲೇ ಇತ್ತು. ಮಂಗಳ ಹಾಡಿದರು. ಹೆಣ ಅಲ್ಲೇ ಇತ್ತು.

ಸಾಹುಕಾರರು ಎದ್ದು ಭಾಷಣ ಮಾಡಿದರು. "ಮೂಟೆ ಹೊರೋರಿಗೆ ನಾಳೆ ಬನ್ನಿ ಅಂದಿದ್ದೆ. ಬರೋದು ಬೇಡ ಅಂತ ಹೇಳ್ತೀನಿ. ಮೂಟೆಗೆ ಬೇರೆ ಜಾಗ ನೋಡ್ಕೋತೀನಿ. ಗೋಡೌನು ಸಂಘಕ್ಕಿರಲಿ." ಆಮೇಲೆ ತಮ್ಮ ಕೊರಳಿನ ಹಾರ ತೆಗೆದು, ಬಗ್ಗಿ, ಬೋರಲಿಂಗನ ಎದೆ ಮೇಲಿಟ್ಟರು. ಅಭ್ಯಾಸ ಬಲದಿಂದ ಒಂದು ಸಲ ಕೈಯನ್ನೂ ಮುಗಿದರು.

ಜನ ಚದುರಿದರು. ಬಣ್ಣ ಒರೆಸಿಕೊಂಡೋರು ಒಬ್ಬೊಬ್ಬರೇ ಹೊರಟರು. ಬೋರಲಿಂಗ ಏಳಲಿಲ್ಲ. ಹನುಮಕ್ಕ ಸ್ಟೇಜು ಹತ್ತಿ ಬಂದಳು.

"ಏಳೋ ಕಂದ, ನಾಟಕ ಮುಗೀತು."

ಏಳಲಿಲ್ಲ.

"ಏಳೋ ನಮ್ಮಪ್ಪ, ಮನೆಗೆ ಹೋಗಾನ."

ಏಳಲಿಲ್ಲ. ಮೇಷ್ಟ್ರು ಕೈ ಚೆಲ್ಲಿದರು. "ಒಂದೇ ದಾರಿ ಇರೋದಮ್ಮ. ನೀನೇ ಅನ್ನು."

ಹನುಮಕ್ಕ ನಾಚಿಕೊಂಡು ಅತ್ತ ಇತ್ತ ನೋಡಿದಳು. ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ಮೆಲ್ಲಗೆ ಅಂದಳು: "ವನ್ಸುಮೋರು."

ಬೋರಲಿಂಗ ಎದ್ದ. ಹನುಮಕ್ಕ ಅವನ ತೋಳು ಹಿಡಿದು ಬಾಗಿಲವರೆಗೂ ಎಳೆದುಕೊಂಡು ಬಂದಳು. ಬಾಗಿಲಲ್ಲಿ ಸತ್ತ.

"ವನ್ಸುಮೋರು."

ಎದ್ದ. ಮಿಲ್ಲಿನ ಗೇಟಿನ ಹತ್ತಿರ ಸತ್ತ.

"ವನ್ಸುಮೋರು, ಮಗ."

ಎದ್ದ. ದೀಪ ಹಚ್ಚೋ ಹೊತ್ತು. ಬಸ್ ಸ್ಟ್ಯಾಂಡಿನ ಎದುರು ಸತ್ತ, ಹಿಟ್ಟಿನ ಗಿರಣಿ ಮುಂದೆ ಸತ್ತ, ಖಾಸಿಂ ಸಾಬರ ಅಂಗಡಿ ಮೆಟ್ಟಿಲ ಮೇಲೆ ಸತ್ತ. ಜನ ಜಗಲಿ ಮೇಲೆ ಬಂದು ನಿಂತು ಚಪ್ಪಾಳೆ ತಟ್ಟಿದರು. "ಬೋರಲಿಂಗ ಹೋಗ್ತಾವ್ನೆ" ಅಂದರು. "ಬೋರಲಿಂಗನ ತಾಯಿ" ಅಂದರು. ಹನುಮಕ್ಕ ಹೊಸ ಸೀರೆಯ ಧೂಳು ಕೊಡವಿಕೊಂಡು, ಕತ್ತೆತ್ತಿಕೊಂಡು, ಹಿಂದಿಂದೆ ನಡೆದಳು.

ಮನೆ ಬಂತು. ಹೊಸ್ತಿಲಲ್ಲಿ ಒಂದು ಸಲ ಸತ್ತ, ನಡುಮನೇಲಿ ಒಂದು ಸಲ ಸತ್ತ. ಹನುಮಕ್ಕ ಅವನನ್ನ ಹಾಗೇ ಬಿಟ್ಟು ಒಲೆ ಹಚ್ಚಿದಳು. ಬಿಸಿ ಮುದ್ದೆ ಕಟ್ಟಿದಳು, ಹುರುಳಿಕಾಳಿನ ಸಾರು ಬಿಟ್ಟಳು, ತಟ್ಟೆ ತಂದು ಅವನ ಮುಂದಿಟ್ಟಳು.

"ವನ್ಸುಮೋರು, ನನ್ನ ರಾಜ. ಉಣ್ಣೇಳು."

ಬೋರಲಿಂಗ ಎದ್ದ. ಚಕ್ಕಳಮಕ್ಕಳ ಹಾಕಿ ಕೂತ. ಕೈ ತೊಳೆದ. ತಾಯಿ ಮುಖ ನೋಡಿ ನಕ್ಕ. ಮುದ್ದೆ ಮುರಿದ, ಸಾರಿಗೆ ಅದ್ದಿದ, ಬಾಯಿಯವರೆಗೂ ತಂದ.

ತಂದು, ಸಾರಿನ ತಟ್ಟೆಯೊಳಗೇ ಧೊಪ್ಪಂತ ಸತ್ತ.